ಎಂಥ ಬೇಜಾರು?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಮಾತಿನ ಬರಹರೂಪ. ಮಾತನಾಡಿದವರು ನಮ್ಮ ಶಾಲೆಯ 2003ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)

ನನಗೆ ಮೊದಲು ಕೊಟ್ಟಿದ್ದ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’. ಅದನ್ನು ಬದಲಾಯಿಸಿ ಕೊಡಿ ಎಂದು ನಾನೇ ಕೇಳಿಕೊಂಡೆ. ಉದ್ಯೋಗದ ವಿಷಯ ಈಗಿನ ಮಕ್ಕಳಿಗೆ ಮೊಬೈಲಿನಲ್ಲೇ ಸಿಗುತ್ತದೆ. ನಾನು ಇವತ್ತು ಆಡಬೇಕೆಂದುಕೊಂಡಿರುವ ಮಾತನ್ನು ನನಗೆ ಮೂವತ್ತಮೂರು ವರ್ಷ ತುಂಬುವವರೆಗೂ ಯಾರೂ ಬಿಡಿಸಿ ಹೇಳಿರಲಿಲ್ಲ. ಅದು ಮನಸ್ಸಿನ ನೆಮ್ಮದಿಯ ವಿಷಯ. ಗಾಬರಿಯಾಗಬೇಡಿ, ಪ್ರವಚನ ಮಾಡುವುದಿಲ್ಲ. ನಾನು ಡಾಕ್ಟರೂ ಅಲ್ಲ. ಡಾಕ್ಟರ ಮುಂದೆ ರೋಗಿಯಾಗಿ ಕೂತಿದ್ದವನು. ಆ ಅಧಿಕಾರದಿಂದ ಮಾತಾಡುತ್ತಿದ್ದೇನೆ.

ಇದರಲ್ಲಿ ನನ್ನ ಅಪ್ಪನ ವಿಷಯವೂ ಬರುತ್ತದೆ. ಅವರು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರನ್ನು ಕೇಳಿಯೇ ಬಂದಿದ್ದೇನೆ. “ಹೇಳ್ಲಾ, ಹೇಳೋದ್ರಲ್ಲೇನು. ಆದ್ರೆ ಉದ್ದ ಮಾಡ್ಬೇಡ, ಜನಕ್ಕೆ ಊಟಕ್ಕೆ ಹೊತ್ತಾಗುತ್ತೆ” ಅಂದಿದ್ದಾರೆ.

ಒಂದು ಪದದಿಂದ ಶುರು ಮಾಡುತ್ತೇನೆ. ಆ ಪದ ‘ಬೇಜಾರು’. ನಾವು ದಿನಕ್ಕೆ ಹತ್ತು ಸಲ ಆಡುವ ಪದ. ಪಿಕ್ಚರು ಚೆನ್ನಾಗಿಲ್ಲದಿದ್ದರೆ ಬೇಜಾರು. ಗೆಳೆಯ ಮದುವೆಗೆ ಕರೆಯದಿದ್ದರೆ ಬೇಜಾರು. ಭಾನುವಾರ ಮಧ್ಯಾಹ್ನ ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು. ಬೆಳೆ ಹೋದಾಗಲೂ ಬೇಜಾರು, ತಾಯಿ ತೀರಿಕೊಂಡಾಗಲೂ ಬೇಜಾರು. ಆರು ತಿಂಗಳಿಂದ ರಾತ್ರಿ ನಿದ್ದೆ ಇಲ್ಲದೆ, ಯಾತಕ್ಕೆ ಬದುಕಿದ್ದೇನೋ ಎಂದು ಅನ್ನಿಸುತ್ತಿರುವವನೂ ಹೇಳುವುದು ಅದೇ, “ಏನಿಲ್ಲ, ಸುಮ್ನೆ ಬೇಜಾರು.”

ನಮ್ಮ ಕೆಲಸದಲ್ಲಿ ಒಂದು ಮಾತಿದೆ. ಕಂಪ್ಯೂಟರಿನ ಪ್ರೋಗ್ರಾಂ ಕೆಟ್ಟು ನಿಂತಾಗ ಪರದೆಯ ಮೇಲೆ ಏನಾಯಿತು, ಎಲ್ಲಿ ಆಯಿತು ಎಂದು ಬರೆದಿದ್ದರೆ ಅರ್ಧ ಗಂಟೆಯಲ್ಲಿ ಸರಿ ಮಾಡಬಹುದು. ‘ಏನೋ ತಪ್ಪಾಗಿದೆ’ ಎಂದಷ್ಟೇ ಬರೆದಿದ್ದರೆ ರಾತ್ರಿಯೆಲ್ಲ ಕೂತರೂ ಬಗೆಹರಿಯುವುದಿಲ್ಲ. ನಮ್ಮ ‘ಬೇಜಾರು’ ಇಂಥದ್ದೇ ಪದ. ಏನೋ ತಪ್ಪಾಗಿದೆ ಎಂದು ಹೇಳುತ್ತದೆ, ಏನು ಎಂದು ಹೇಳುವುದಿಲ್ಲ.

ಹಾಗೆಂದು ನಮ್ಮ ಕನ್ನಡದಲ್ಲಿ ಪದಗಳಿಗೆ ಬಡತನವಿಲ್ಲ. ಎದೆ ಭಾರ, ಹೊಟ್ಟೆ ಸಂಕಟ, ಕರುಳು ಚುರಕ್ ಅಂತು, ಕೈಕಾಲು ತಣ್ಣಗಾಯ್ತು, ತಲೆ ಮೇಲೆ ಬಂಡೆ ಇಟ್ಟಂಗಿದೆ. ನೋಡಿ, ಎಲ್ಲವೂ ಮೈಯ ಮಾತು. ನಮ್ಮ ಜನ ಮನಸ್ಸಿನ ನೋವನ್ನು ಮೈಯಿಂದ ಆಡಿ ತೋರಿಸುತ್ತಾರೆ. ಆಸ್ಪತ್ರೆಗೆ ಹೋಗಿ “ಮನಸ್ಸಿಗೆ ಸಂಕಟ” ಎಂದು ಹೇಳುವವರು ಕಡಿಮೆ. “ಮೈಕೈ ನೋವು, ತಲೆಭಾರ, ಸುಸ್ತು, ಎದೆ ಉರಿ” ಎನ್ನುವವರು ಹೆಚ್ಚು. ಡಾಕ್ಟರು ಗುಳಿಗೆ ಕೊಡುತ್ತಾರೆ, ಟಾನಿಕ್ ಕೊಡುತ್ತಾರೆ, ಒಂದು ಇಂಜೆಕ್ಷನ್ನೂ ಹಾಕುತ್ತಾರೆ. ಕೇಳಬೇಕಾದ ಪ್ರಶ್ನೆ ಮಾತ್ರ ಬಾಕಿ ಉಳಿಯುತ್ತದೆ.

ಆ ಪ್ರಶ್ನೆಯನ್ನು ನನಗೆ ಮೊದಲು ಕೇಳಿದ್ದು ಇದೇ ಶಾಲೆಯಲ್ಲಿ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಸೀಮೆಯ ತೆಂಗಿಗೆ ನುಸಿ ರೋಗ ಬಂದಿದ್ದು ಹಿರಿಯರಿಗೆಲ್ಲ ನೆನಪಿದೆ. ಕಾಯಿಯ ಮೇಲೆ ಕಂದು ಬಣ್ಣದ ಸೀಳು, ತೆಂಗಿನಕಾಯಿ ಹೋಗಿ ಮುಷ್ಟಿ ಗಾತ್ರದ ಕಾಯಿ. ಅದರ ಹಿಂದೆಯೇ ಬರ. ನಮ್ಮ ಕೊಳವೆಬಾವಿ ನಿಂತುಹೋಯಿತು. ಅಪ್ಪ ಇನ್ನೊಂದು ಕೊರೆಸಿದರು, ಅದರಲ್ಲಿ ಬರೀ ಧೂಳು. ಸೊಸೈಟಿ ಸಾಲದ ಮೇಲೆ ಕೈಸಾಲ. ಅಲ್ಲಿಗೆ ಅಪ್ಪ ಮಾತು ನಿಲ್ಲಿಸಿದರು.

ಜಗಳವಿಲ್ಲ, ಕುಡಿತವಿಲ್ಲ. ಬೆಳಗ್ಗೆ ಎದ್ದು ಜಗಲಿಯ ಮೇಲೆ ಕೂತರೆ ಮಧ್ಯಾಹ್ನದವರೆಗೂ ಅಲ್ಲೇ. ಅವ್ವ ಮುದ್ದೆ ತಂದಿಟ್ಟರೆ ಒಂದು ತುತ್ತು ಮುರಿದು ಕೈ ತೊಳೆಯುತ್ತಿದ್ದರು. ರಾತ್ರಿ ಮೂರು ಗಂಟೆಗೆ ಹಟ್ಟಿಯಲ್ಲಿ ಓಡಾಡುತ್ತಿದ್ದ ಸದ್ದು ಕೇಳುತ್ತಿತ್ತು. ಅಜ್ಜಿ “ಗಾಳಿ ಸೋಕಿದೆ” ಅಂದರು. ದೇವರ ಗುಡಿಯಲ್ಲಿ ತಾಯತ ಕಟ್ಟಿಸಿ ತಂದರು. ದೊಡ್ಡಪ್ಪ “ಬೇಜಾರು ಮಾಡ್ಕಂಡವ್ನೆ, ಮಳೆ ಬಂದ್ರೆ ಸರಿಹೋಗ್ತಾನೆ” ಅಂದರು. ಅವ್ವ ನಮ್ಮಿಬ್ಬರನ್ನು, ಅಂದರೆ ನನ್ನನ್ನೂ ತಂಗಿಯನ್ನೂ ಒಳಗೆ ಕರೆದು, “ಹೊರಗೆ ಯಾರ್ ಕೇಳಿದ್ರೂ ಅಪ್ಪಂಗೆ ಜ್ವರ ಅನ್ನಿ” ಅಂದರು. ಅವ್ವನಿಗಿದ್ದ ಭಯ ಈಗ ನನಗೆ ಅರ್ಥವಾಗುತ್ತದೆ. ‘ಆ ಮನೆಯಲ್ಲಿ ತಲೆ ಕೆಟ್ಟೋರಿದಾರೆ’ ಎಂದು ಒಂದು ಮಾತು ಊರಲ್ಲಿ ಹುಟ್ಟಿದರೆ, ನಾಳೆ ತಂಗಿಗೆ ಗಂಡು ಹುಡುಕುವಾಗ ಆ ಮಾತು ಮುಂದೆ ಬಂದು ನಿಲ್ಲುತ್ತದೆ.

ಮಕ್ಕಳ ಲೆಕ್ಕವೇ ಬೇರೆ. ದೊಡ್ಡವರು ಕಾರಣ ಹೇಳದಿದ್ದರೆ ಮಕ್ಕಳು ತಾವೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ, ಬಹಳ ಸಲ ಆ ಕಾರಣ ತಾವೇ ಆಗಿರುತ್ತಾರೆ. ಆ ವರ್ಷ ನಾನು ಸೈಕಲ್ ಬೇಕೆಂದು ಹಟ ಹಿಡಿದಿದ್ದೆ. ನನ್ನ ಸೈಕಲ್ಲಿನಿಂದ ಅಪ್ಪನಿಗೆ ಹೀಗಾಯಿತು ಎಂದು ನಾನು ಪೂರ್ತಿ ನಂಬಿದ್ದೆ. ಇನ್ನು ಮುಂದೆ ಏನನ್ನೂ ಕೇಳಬಾರದು, ಯಾರಿಗೂ ತೊಂದರೆ ಕೊಡಬಾರದು, ನಾನು ಕೂತರೆ ಮನೆ ಬಿದ್ದುಹೋಗುತ್ತದೆ ಎಂದು ಹದಿನಾಲ್ಕನೇ ವಯಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟೆ. ಆ ತೀರ್ಮಾನ ನನ್ನ ಜೊತೆ ಬೆಂಗಳೂರಿಗೂ ಬಂತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಯಾವಾಗಲೂ ಮೊದಲಿರುತ್ತಿದ್ದ ನಾನು ಫೇಲಾದೆ. ವಿಜ್ಞಾನದ ಮೇಷ್ಟ್ರು ಉತ್ತರಪತ್ರಿಕೆ ಕೊಟ್ಟು, ಬೈಯಲಿಲ್ಲ, ಹೊಡೆಯಲಿಲ್ಲ. ಆ ಕಾಲದಲ್ಲಿ ಅದೇ ದೊಡ್ಡ ಆಶ್ಚರ್ಯ. ಎಲ್ಲರೂ ಹೋದ ಮೇಲೆ ಹೆಂಚಿನ ಕೊಠಡಿಯಲ್ಲಿ ನನ್ನನ್ನು ಕೂರಿಸಿಕೊಂಡು “ಏನಾಗಿದೆ?” ಅಂದರು. “ಬೇಜಾರು ಸಾರ್” ಅಂದೆ. ಅವರು “ಎಂಥ ಬೇಜಾರು?” ಅಂದರು. ನಾನು ಸುಮ್ಮನಿದ್ದೆ. ಅವರೂ ಸುಮ್ಮನೆ ಕೂತರು. ಸೀಮೆಸುಣ್ಣದ ಡಬ್ಬಿ ಮುಚ್ಚಿಟ್ಟರು, ಕನ್ನಡಕ ಒರೆಸಿಕೊಂಡರು, ಎದ್ದು ಹೋಗಲಿಲ್ಲ. ಎಷ್ಟೋ ಹೊತ್ತಾದ ಮೇಲೆ ನಾನು ಅತ್ತೆ. ಅಪ್ಪನಿಗೆ ಜ್ವರವಿಲ್ಲ ಎಂದು ಹೇಳಿದೆ.

ಮೇಷ್ಟ್ರು ಮುಂದಿನ ಭಾನುವಾರ ಎಳನೀರಿನ ನೆಪ ಮಾಡಿಕೊಂಡು ನಮ್ಮ ಮನೆಗೆ ಬಂದರು. ಮನಸ್ಸಿನ ವಿಷಯ ಒಂದೂ ಎತ್ತಲಿಲ್ಲ. ನುಸಿಗೆ ಬೇರಿನ ಮೂಲಕ ಔಷಧಿ ಉಣಿಸುತ್ತಾರಂತಲ್ಲ, ಅದು ಹೇಗೆ ಎಂದು ಅಪ್ಪನನ್ನೇ ಕೇಳಿದರು. ಅಪ್ಪ ಹೂಂ ಉಹೂಂ ಅಂದರು. ಅದರ ಮುಂದಿನ ಭಾನುವಾರವೂ ಬಂದರು. ಐದಾರು ತಿಂಗಳು ಹೀಗೇ ನಡೆಯಿತು. ಅಪ್ಪನಿಗೆ ಬೇಕಾಗಿದ್ದ ಔಷಧಿ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅಪ್ಪ ಮೇಲೆದ್ದು ತೋಟಕ್ಕೆ ಹೋಗುವಷ್ಟು ಆಗಲು ಒಂದೂವರೆ ವರ್ಷ ಬೇಕಾಯಿತು. ಚಿಕಿತ್ಸೆ ಸಿಕ್ಕಿದ್ದರೆ ಅಷ್ಟು ದಿನ ನರಳಬೇಕಾಗಿರಲಿಲ್ಲವೇನೋ ಎಂದು ಈಗ ಅನ್ನಿಸುತ್ತದೆ. ಆದರೆ ಆ ಭಾನುವಾರದ ಒಂದು ಗಂಟೆ ಇಲ್ಲದಿದ್ದರೆ ಏನಾಗುತ್ತಿತ್ತೋ, ಅದನ್ನು ಊಹಿಸಲೂ ನನಗೆ ಇಷ್ಟವಿಲ್ಲ. ಆ ಮೇಷ್ಟ್ರು ಇಂದು ವೇದಿಕೆಯ ಮೇಲಿದ್ದಾರೆ. ಹೆಸರು ಹೇಳಬೇಡ ಎಂದಿದ್ದಾರೆ. ನೀವು ಗುರುತು ಹಿಡಿದಿರುತ್ತೀರಿ.

ಇಲ್ಲಿ ನಮ್ಮ ಊರಿನ, ನಮ್ಮ ಸಂಸ್ಕೃತಿಯ ಬಗ್ಗೆ ಎರಡು ಮಾತು. ಸಿಟಿಯಲ್ಲಿ ಕೆಲವರು ಹಳ್ಳಿ ಎಂದರೆ ಮೂಢನಂಬಿಕೆ ಎನ್ನುತ್ತಾರೆ. ಇನ್ನು ಕೆಲವರು ಹಳ್ಳಿಯಲ್ಲಿ ಟೆನ್ಷನ್ನೇ ಇಲ್ಲ, ಎಲ್ಲರೂ ಸುಖವಾಗಿದ್ದಾರೆ ಎನ್ನುತ್ತಾರೆ. ಎರಡೂ ತಪ್ಪು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅಡುಗೆ ಮಾಡಿ ತಂದು ಕೂತು ಉಣ್ಣಿಸುತ್ತಾರೆ. ದುಃಖದಲ್ಲಿರುವವನನ್ನು ಒಂಟಿ ಬಿಡಬಾರದು, ಅವನಿಗೆ ಹಸಿವು ತಿಳಿಯುವುದಿಲ್ಲ, ನಾವೇ ತಿಳಿದುಕೊಳ್ಳಬೇಕು ಎಂಬುದು ನಮ್ಮ ಹಿರಿಯರಿಗೆ ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು. ನಮ್ಮ ಅಜ್ಜಿಯರು ರಾಗಿ ಬೀಸುವಾಗ ಹಾಡುತ್ತಿದ್ದ ಪದಗಳಲ್ಲಿ ತವರಿನ ನೆನಪಿತ್ತು, ಅತ್ತೆಯ ಮೇಲಿನ ಸಿಟ್ಟಿತ್ತು, ಸತ್ತ ಕೂಸಿನ ಸಂಕಟವೂ ಇತ್ತು. ಯಾರ ಮುಂದೂ ಹೇಳಲಾಗದ್ದನ್ನು ಬೀಸುವ ಕಲ್ಲಿನ ಮುಂದೆ ಹೇಳುತ್ತಿದ್ದರು, ಪಕ್ಕದಲ್ಲಿ ಇನ್ನೊಬ್ಬಳು ಸೊಲ್ಲು ಸೇರಿಸುತ್ತಿದ್ದಳು. ಊರಿಗೆ ಮಿಲ್ಲು ಬಂತು, ರಟ್ಟೆಯ ನೋವು ಹೋಯಿತು, ಒಳ್ಳೆಯದೇ ಆಯಿತು. ಆದರೆ ಆ ಪದ ಹಾಡುವ ಜಾಗವೂ ಹೋಯಿತು. ಅದರ ಬದಲಿಗೆ ಬೇರೆ ಜಾಗ ಮಾಡಿಕೊಟ್ಟೆವಾ? ಇಲ್ಲ.

ಗಂಡಸರಿಗಂತೂ ಅಂಥ ಜಾಗ ಮೊದಲಿನಿಂದಲೂ ಕಡಿಮೆ. ಅರಳಿಕಟ್ಟೆಯ ಮೇಲೆ ಕೊಬ್ಬರಿ ರೇಟು, ರಾಜಕೀಯ, ಮಳೆ ಎಲ್ಲ ಬರುತ್ತದೆ. “ನನಗೆ ಭಯ ಆಗ್ತಿದೆ ಕಣಯ್ಯ” ಎಂಬ ಮಾತು ಬರುವುದಿಲ್ಲ. ಮೂರು ವರ್ಷದ ಗಂಡು ಕೂಸು ಬಿದ್ದು ಅತ್ತರೆ “ಥೂ, ಹೆಣ್ಣುಹುಡುಗಿ ಥರ ಅಳ್ತೀಯ” ಅನ್ನುತ್ತೇವೆ. ಒಂದೇ ಮಾತಿನಲ್ಲಿ ಗಂಡಿಗೂ ಹೆಣ್ಣಿಗೂ ಇಬ್ಬರಿಗೂ ಅನ್ಯಾಯ. ಹೊತ್ತಿಗೆ ಊಟ ತಂದು ಕೊಡುವ ಊರೇ ಬಾಯಿ ಮುಚ್ಚಿಕೊಂಡಿರು ಎಂದೂ ಕಲಿಸುತ್ತದೆ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಬಿಡಬಹುದು. ಅದಕ್ಕೆ ಸಂಸ್ಕೃತಿ ಕೆಡುವುದಿಲ್ಲ.

ನಾನು ಪಿಯುಸಿ ಮುಗಿಸಿ, ಬಿ.ಇ. ಸೇರಿ, 2009ರಲ್ಲಿ ಹೊರಗೆ ಬಂದೆ. ಕೆಲಸ ಸಿಕ್ಕಿತು. ಅಪ್ಪನ ಸಾಲ ತೀರಿತು, ತಂಗಿಯ ಮದುವೆಯಾಯಿತು, ನನ್ನದೂ ಆಯಿತು. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿತ್ತು.

ನಡುವೆ ಒಂದು ಘಟನೆ. ನಮ್ಮ ಬ್ಯಾಚಿನ ಒಬ್ಬ ಗೆಳೆಯ ಒಂದು ರಾತ್ರಿ ಫೋನ್ ಮಾಡಿದ. ನಾನು ಆಫೀಸಿನ ಕಾಲ್ ಒಂದರಲ್ಲಿದ್ದೆ. “ಏನ್ ಸಮಾಚಾರನೋ?” ಅಂದೆ. “ಏನಿಲ್ಲ ಕಣೋ, ಸುಮ್ನೆ ಬೇಜಾರು” ಅಂದ. “ಬಿಡೋ, ಸರಿಹೋಗುತ್ತೆ, ನಾಳೆ ಮಾಡ್ತೀನಿ” ಅಂದೆ. ನಾಳೆ ಮಾಡಲಿಲ್ಲ. ಹತ್ತು ದಿನಕ್ಕೆ ಅವನು ಇಲ್ಲವಾದ. ಹಿಂದೆ ನಿಂತಿರುವ ನನ್ನ ಬ್ಯಾಚಿನವರಿಗೆ ಯಾರೆಂದು ಗೊತ್ತು. ನಾನು ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವನು ಉಳಿಯುತ್ತಿದ್ದ ಎಂದು ನಾನು ಹೇಳುವುದಿಲ್ಲ. ಯಾರೊಬ್ಬರ ಸಾವಿಗೂ ಒಂದೇ ಕಾರಣವಿರುವುದಿಲ್ಲ, ಅದನ್ನು ನನಗೆ ಡಾಕ್ಟರೇ ತಿಳಿಸಿ ಹೇಳಬೇಕಾಯಿತು. ಆದರೆ ಮೇಷ್ಟ್ರು ನನಗೆ ಕೇಳಿದ್ದ ಪ್ರಶ್ನೆಯನ್ನು ನಾನು ಅವನಿಗೆ ಕೇಳಲಿಲ್ಲ. ಅದು ಸತ್ಯ.

2021ರಲ್ಲಿ, ಕೋವಿಡ್ಡಿನ ಎರಡನೇ ಅಲೆಯ ಹೊತ್ತಿನಲ್ಲಿ, ನನ್ನ ಸರದಿ ಬಂತು. ಮನೆಯಿಂದಲೇ ಕೆಲಸ, ಹಗಲು ರಾತ್ರಿ ಒಂದೇ. ಒಂದು ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಯಿತು. ಎದೆ ಡವಡವ, ಕೈ ತಣ್ಣಗೆ, ಉಸಿರು ಸಾಲದು. ಹಾರ್ಟ್ ಅಟ್ಯಾಕ್, ಸತ್ತೆ ಎಂದುಕೊಂಡೆ. ಆಸ್ಪತ್ರೆಗೆ ಹೋದೆವು. ಇಸಿಜಿ ಸರಿಯಿದೆ ಅಂದರು. ಹದಿನೈದು ದಿನಕ್ಕೆ ಮತ್ತೆ ಅದೇ. ಮತ್ತೆ ಇಸಿಜಿ, ಮತ್ತೆ ಸರಿ. ಮೂರನೇ ಸಲ ಡ್ಯೂಟಿಯಲ್ಲಿದ್ದ ಯುವ ಡಾಕ್ಟರು “ಸಾರ್, ಹೃದಯ ಚೆನ್ನಾಗಿದೆ, ನೀವು ಒಂದ್ಸಲ ಸೈಕಿಯಾಟ್ರಿಸ್ಟ್ ನೋಡಿ” ಅಂದರು. ನಾನು ಹೋಗಲಿಲ್ಲ, ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡು ನಾಲ್ಕು ತಿಂಗಳು ತಳ್ಳಿದೆ. ಎಂಜಿನಿಯರಿಂಗ್ ಓದಿದವನು, ದಿನಾ ಕಂಪ್ಯೂಟರಿನ ಮುಂದೆ ಕೂರುವವನು, ‘ತಲೆ ಕೆಟ್ಟೋನು’ ಅನ್ನಿಸಿಕೊಳ್ಳುವ ಭಯಕ್ಕೆ ನಾಲ್ಕು ತಿಂಗಳು ಹೆದರಿಕೊಂಡು ಮಲಗಿದೆ. ಅಜ್ಜಿಯ ತಾಯತವನ್ನು ನೋಡಿ ನಗುತ್ತಿದ್ದವನು ನಾನು. ಅಜ್ಜಿ ಏನನ್ನಾದರೂ ಮಾಡಿದ್ದರು. ನಾನು ಏನನ್ನೂ ಮಾಡಲಿಲ್ಲ.

ಕೊನೆಗೆ ನನ್ನ ಹೆಂಡತಿ ಒಂದು ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಎದುರಿಗೆ ಕೂತಳು. “ಏನಾಗಿದೆ ರೀ?” ಅಂದಳು. ನಾನು, ನಿಮಗೆ ಗೊತ್ತೇ ಇದೆ, “ಬೇಜಾರು” ಅಂದೆ. “ಅದು ಗೊತ್ತು, ಎಂಥ ಬೇಜಾರು ಸರಿಯಾಗಿ ಹೇಳಿ” ಅಂದಳು. ಅವಳಿಗೆ ನಮ್ಮ ಮೇಷ್ಟ್ರ ಕಥೆ ಗೊತ್ತಿರಲಿಲ್ಲ. ಮಾರನೆಯ ದಿನ ಇಬ್ಬರೂ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ತೋಟದಲ್ಲಿ ನಡೆಯುವಾಗ ಕಾಲ ಬಳಿ ಹಾವು ಕಂಡರೆ ನಾವು ಯೋಚನೆ ಮಾಡಿ ಹಿಂದೆ ಸರಿಯುವುದಿಲ್ಲ, ಮೊದಲು ಹಾರುತ್ತೇವೆ, ಆಮೇಲೆ ನೋಡುತ್ತೇವೆ. ಮಿದುಳಿನೊಳಗೆ ಬಾದಾಮಿಯಷ್ಟು ಗಾತ್ರದ ಒಂದು ಭಾಗ ಅಪಾಯದ ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ, ಎದೆ ಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ, ಓಡಲು ಕಾಲು ಸಿದ್ಧವಾಗುತ್ತದೆ. ಅದು ಒಳ್ಳೆಯ ವ್ಯವಸ್ಥೆ, ನಮ್ಮನ್ನು ಇಷ್ಟು ದಿನ ಬದುಕಿಸಿದ್ದೇ ಅದು. ಆದರೆ ವರ್ಷಗಟ್ಟಲೆ ಆತಂಕದಲ್ಲಿ, ನಿದ್ದೆಯಿಲ್ಲದೆ ಇದ್ದಾಗ ಹಗ್ಗ ಕಂಡರೂ ಅದು ಗಂಟೆ ಬಾರಿಸುತ್ತದೆ. ಹಾವಿಲ್ಲ, ಆದರೆ ಎದೆ ಬಡಿತ ನಿಜ. ಎದೆ ಬಡಿತಕ್ಕೆ ಹೆದರಿದರೆ ಬಡಿತ ಇನ್ನೂ ಏರುತ್ತದೆ. ಇದಕ್ಕೆ ಪ್ಯಾನಿಕ್ ಎನ್ನುತ್ತಾರೆ. ನನಗೆ ಅದರ ಜೊತೆಗೆ ಖಿನ್ನತೆಯೂ ಇತ್ತು. ಎರಡು ವಾರಕ್ಕೂ ಮೀರಿ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರುವುದು, ಇಷ್ಟವಾಗಿದ್ದ ಯಾವುದರಲ್ಲೂ ಆಸೆ ಇಲ್ಲದಿರುವುದು, ಜೊತೆಗೆ ನಿದ್ದೆ, ಊಟ, ಶಕ್ತಿ, ಗಮನ ಕೆಡುವುದು, ಎಲ್ಲಕ್ಕೂ ತನ್ನದೇ ತಪ್ಪು ಎನ್ನಿಸುವುದು. ಹೀಗೆಲ್ಲ ಇದ್ದರೆ ಅದು ಸೋಮಾರಿತನ ಅಲ್ಲ, ಧೈರ್ಯ ಸಾಲದ್ದೂ ಅಲ್ಲ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಒಂದು ಎಚ್ಚರಿಕೆ, ಎದೆನೋವು ಬಂದರೆ ‘ಮನಸ್ಸಿನದು’ ಎಂದು ನೀವೇ ತೀರ್ಮಾನಿಸಬೇಡಿ. ಮೊದಲು ಆಸ್ಪತ್ರೆಗೆ ಹೋಗಿ ಹೃದಯ ಪರೀಕ್ಷೆ ಮಾಡಿಸಿ.

ನಾನು ಡಾಕ್ಟರು ಹೇಳಿದಷ್ಟು ದಿನ ಮಾತ್ರೆ ತೆಗೆದುಕೊಂಡೆ. ವಾರಕ್ಕೊಮ್ಮೆ ಆಪ್ತಸಮಾಲೋಚಕರ ಹತ್ತಿರ ಮಾತು. ಅವರು ನನಗೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಸಿದರು. ಏನು ನಡೆಯಿತು, ಆಗ ಮನಸ್ಸಿನಲ್ಲಿ ಯಾವ ಯೋಚನೆ ಬಂತು, ಆ ಯೋಚನೆಗೆ ಸಾಕ್ಷಿ ಏನು. ಬರೆಯುತ್ತಾ ಹೋದಂತೆ ಒಂದೇ ವಾಕ್ಯ ಮತ್ತೆ ಮತ್ತೆ ಬಂತು: ನಾನು ಕೂತರೆ ಮನೆ ಬಿದ್ದುಹೋಗುತ್ತದೆ. ಒಂಬತ್ತನೇ ತರಗತಿಯ ಹುಡುಗ ಬರೆದಿಟ್ಟ ಸಾಲು, ಮೂವತ್ತಮೂರು ವರ್ಷದವನ ತಲೆಯಲ್ಲಿ ಇನ್ನೂ ಓಡುತ್ತಿತ್ತು. ಹಳೆಯ ಪ್ರೋಗ್ರಾಮಿನ ಒಂದು ಸಾಲನ್ನು ಯಾರೂ ತೆಗೆಯದೆ ಹಾಗೇ ಬಿಟ್ಟಂತೆ.

ಆ ದೀಪಾವಳಿಗೆ ಊರಿಗೆ ಬಂದಾಗ ಅಪ್ಪ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ನಾನೂ ಹತ್ತಿದೆ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿದ್ದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇವೆ. ಒಳಗೆ ಗಡಗಡ ಅಂದರೆ ಕೊಬ್ಬರಿ ಆಗಿದೆ, ನೀರಿನ ಸದ್ದು ಬಂದರೆ ಇನ್ನೂ ಇರಬೇಕು. ಅಪ್ಪ ಒಂದೊಂದೇ ಅಲ್ಲಾಡಿಸಿ ಬೇರೆ ಮಾಡುತ್ತಿದ್ದರು. ನಾನು ಅವರ ಮುಖ ನೋಡದೆ ಎಲ್ಲ ಹೇಳಿದೆ. ಡಾಕ್ಟರು, ಮಾತ್ರೆ, ಮೂರು ಗಂಟೆ ರಾತ್ರಿ, ಎಲ್ಲ.

ಅಪ್ಪ ಎಂಟು ಹತ್ತು ಕಾಯಿ ಅಲ್ಲಾಡಿಸುವವರೆಗೂ ಮಾತಾಡಲಿಲ್ಲ. ಆಮೇಲೆ “ನಂಗೂ ಹಂಗೇ ಆಗಿತ್ತು ಕಣ್ಲಾ” ಅಂದರು. “ಮೂರ್ ಗಂಟೆಗೇ. ಎಡಗೈ ನಡುಗೋದು. ನಿಮ್ಮವ್ವಂಗೂ ಹೇಳ್ಲಿಲ್ಲ.” ಸ್ವಲ್ಪ ಹೊತ್ತು ಬಿಟ್ಟು “ನಿಂಗೆ ಆ ಸೈಕಲ್ ಕೊಡ್ಸಕ್ಕಾಗ್ಲಿಲ್ವಲ್ಲ ಅಂತ ಅದೊಂದು ಬ್ಯಾರೆ ಇತ್ತು” ಅಂದರು.

ಸೈಕಲ್ ಕೇಳಿದ್ದಕ್ಕೆ ನಾನು ಕೊರಗುತ್ತಿದ್ದೆ. ಕೊಡಿಸಲಿಲ್ಲವಲ್ಲ ಎಂದು ಅವರು ಕೊರಗುತ್ತಿದ್ದರು. ಒಂದೇ ಸೂರಿನ ಕೆಳಗೆ, ಒಂದೇ ಗಂಟೆಗೆ ಇಬ್ಬರೂ ಎಚ್ಚರವಾಗಿದ್ದೆವು. ಹತ್ತೊಂಬತ್ತು ವರ್ಷ ಒಬ್ಬರಿಗೊಬ್ಬರು ಹೇಳಲಿಲ್ಲ. ಕಾಯಿಯ ಒಳಗಿನ ಸದ್ದನ್ನು ಕಿವಿಗೊಟ್ಟು ಕೇಳುವ ಜನ ನಾವು. ಮನೆಯವರ ವಿಷಯದಲ್ಲಿ ಆ ವಿದ್ಯೆಯನ್ನು ಮರೆಯುತ್ತೇವೆ.

ಹಾಗಾದರೆ ಇದು ರಕ್ತದಲ್ಲೇ ಬರುತ್ತದಾ ಎಂದು ನೀವು ಕೇಳಬಹುದು. ನಾನೂ ಡಾಕ್ಟರನ್ನು ಕೇಳಿದೆ. ಬಿಪಿ, ಸಕ್ಕರೆ ಕಾಯಿಲೆಯ ಹಾಗೆ ಇದರ ಒಲವೂ ಕೆಲವು ಮನೆತನಗಳಲ್ಲಿ ಸ್ವಲ್ಪ ಹೆಚ್ಚಿರುತ್ತದೆ. ಆದರೆ ಒಲವು ಎಂದರೆ ಹಣೆಬರಹ ಅಲ್ಲ. ರಕ್ತದ ಜೊತೆಗೆ ನಡವಳಿಕೆಯೂ ಬರುತ್ತದೆ. ಅಪ್ಪ ಜಗಲಿಯ ಮೇಲೆ ಸುಮ್ಮನೆ ಕೂತಿದ್ದನ್ನು ನೋಡಿ, ಕಷ್ಟ ಬಂದಾಗ ಸುಮ್ಮನಿರಬೇಕು ಎಂದು ನಾನು ಕಲಿತೆ. ರಕ್ತವನ್ನು ಬದಲಾಯಿಸಲಾಗದು. ಕಲಿತದ್ದನ್ನು ಬದಲಾಯಿಸಬಹುದು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಒಂದು ಅಧ್ಯಯನ ಶುರುವಾಯಿತು. ಅಲ್ಲಿನ 268 ವಿದ್ಯಾರ್ಥಿಗಳು, ಜೊತೆಗೆ ಬಾಸ್ಟನ್ ನಗರದ ಬಡ ಬೀದಿಗಳ 456 ಹುಡುಗರು, ಇವರ ಇಡೀ ಬದುಕನ್ನು ಮುಪ್ಪಿನವರೆಗೂ ಹಿಂಬಾಲಿಸಿದ್ದಾರೆ. ಐವತ್ತನೇ ವಯಸ್ಸಿನಲ್ಲಿ ಯಾರಿಗೆ ನೆಚ್ಚಿಕೊಳ್ಳುವಂಥ ಸಂಬಂಧಗಳಿದ್ದವೋ ಅವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. ಆ ಲೆಕ್ಕದಲ್ಲಿ ಕೊಲೆಸ್ಟರಾಲಿಗಿಂತ ಸಂಬಂಧವೇ ಮೇಲಾಯಿತು. ಅವರು ಅಮೆರಿಕದ ಗಂಡಸರು, ನಮ್ಮ ಕಥೆ ಪೂರ್ತಿ ಅದೇ ಅಲ್ಲ. ಆದರೆ ಭಾನುವಾರ ಎಳನೀರಿನ ನೆಪದಲ್ಲಿ ಬರುವ ಒಬ್ಬ ಮೇಷ್ಟ್ರು ಎಷ್ಟು ದೊಡ್ಡ ಔಷಧಿ ಎಂಬುದಕ್ಕೆ ನನಗೆ ಆ ಸಾಕ್ಷಿ ಸಾಕು.

ನಮ್ಮ ನಾಡಿನ ವಿಷಯಕ್ಕೆ ಬರೋಣ. ನಮ್ಮ ಶಾಲೆ ಶುರುವಾದ 1974ರಲ್ಲೇ, ಡಿಸೆಂಬರ್ 27ರಂದು, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯೂ ಶುರುವಾಯಿತು. ನಮ್ಮಿಬ್ಬರಿಗೂ ಒಂದೇ ವಯಸ್ಸು. 1980ರ ದಶಕದಲ್ಲಿ ಆ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯನ್ನು ಹಳ್ಳಿಯಲ್ಲೇ ಗುರುತಿಸಿ ಚಿಕಿತ್ಸೆ ಕೊಡಬಹುದು ಎಂದು ಮಾಡಿ ತೋರಿಸಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ‘ಕೊರವಂಜಿ’ ಪತ್ರಿಕೆ ನಡೆಸಿ ಕನ್ನಡಿಗರನ್ನು ನಗಿಸಿದ ರಾಶಿಯವರು, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ದಾರಿ ಇತ್ತು. ನಮ್ಮ ಮನೆಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದರೂ ಮರ್ಯಾದೆ ಅಡ್ಡ ಬರುತ್ತಿತ್ತು.

ಈಗ ದಾರಿ ಇನ್ನೂ ಹತ್ತಿರ. ಒಂದು ನಂಬರ್ ಹೇಳುತ್ತೇನೆ, ಮಕ್ಕಳು ಬರೆದುಕೊಳ್ಳಿ: 14416. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸರ್ಕಾರಿ ವ್ಯವಸ್ಥೆಯಲ್ಲಿ ಈ ಚಿಕಿತ್ಸೆ ಪಡೆಯುವುದು ಎಲ್ಲರ ಹಕ್ಕು, ಯಾರೂ ಮಾಡುವ ಉಪಕಾರವಲ್ಲ. ಅಜ್ಜಿಯಂದಿರಿಗೆ ಒಂದು ಮಾತು, ಗುಡಿಗೆ ಹೋಗುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ನಮ್ಮ ಅವ್ವ ಈಗಲೂ ನನ್ನ ಹೆಸರಿನಲ್ಲಿ ಅರ್ಚನೆ ಮಾಡಿಸುತ್ತಾರೆ, ನನಗೆ ಸಂತೋಷವೇ. ತೀರ್ಥವನ್ನೂ ತೆಗೆದುಕೊಳ್ಳಿ, ಮಾತ್ರೆಯನ್ನೂ ತೆಗೆದುಕೊಳ್ಳಿ.

ಇನ್ನು ನನ್ನ ಕೋರಿಕೆಗಳು.

ಮಕ್ಕಳೇ, ನಿಮ್ಮ ಮನೆಯಲ್ಲಿ ಏನಾದರೂ ಸರಿಯಿಲ್ಲ ಅನ್ನಿಸಿದರೆ ಅದು ನಿಮ್ಮ ತಪ್ಪಿನಿಂದ ಆಗಿದ್ದಲ್ಲ. ಕೇಳಿ. ಅಪ್ಪ ಅಮ್ಮ ಹೇಳದಿದ್ದರೆ ಮೇಷ್ಟ್ರನ್ನು ಕೇಳಿ, ಮೇಡಂನ್ನು ಕೇಳಿ. ಎಸ್ಸೆಸ್ಸೆಲ್ಸಿ ಅಂಕ ಮುಖ್ಯ, ನಾನು ಸುಳ್ಳು ಹೇಳುವುದಿಲ್ಲ. ಆದರೆ ಫೇಲಾದರೆ ಮತ್ತೆ ಬರೆಯಬಹುದು. ನಾನು ಅರ್ಧವಾರ್ಷಿಕದಲ್ಲಿ ಫೇಲಾದ ವಿಜ್ಞಾನದ ಮೇಲೇ ಇವತ್ತು ಊಟ ಮಾಡುತ್ತಿದ್ದೇನೆ.

ತಂದೆತಾಯಂದಿರೇ, ಮಕ್ಕಳಿಗೆ ಸಾಲದ ಲೆಕ್ಕವೆಲ್ಲ ಹೇಳಬೇಕಿಲ್ಲ. “ನನಗೆ ಮನಸ್ಸು ಸರಿಯಿಲ್ಲ, ನಿನ್ನಿಂದ ಅಲ್ಲ, ಸರಿ ಮಾಡ್ಕೊಳ್ತೀನಿ” ಎಂದು ಒಂದು ಮಾತು ಹೇಳಿ. ನಮ್ಮ ಮನೆಯಲ್ಲಿ ಆ ಒಂದು ಮಾತು ಇದ್ದಿದ್ದರೆ ನನ್ನ ಎಷ್ಟೋ ರಾತ್ರಿಗಳು ಬೇರೆಯಾಗಿರುತ್ತಿದ್ದವು.

ಗುರುಗಳೇ, ನಿಮ್ಮ ಮೇಲೆ ಎಷ್ಟು ಹೊರೆ ಇದೆ ನನಗೆ ಗೊತ್ತು. ಆದರೂ ಒಂದು ಮಗು ಇದ್ದಕ್ಕಿದ್ದಂತೆ ಹಿಂದೆ ಬಿದ್ದರೆ, ಬೈಯುವ ಮೊದಲು ಐದು ನಿಮಿಷ ಕೂರಿಸಿಕೊಳ್ಳಿ. ಅಂಥ ಐದು ನಿಮಿಷದಿಂದಲೇ ನಾನು ಇಲ್ಲಿ ನಿಂತಿದ್ದೇನೆ.

ನನ್ನಂತೆ ಊರು ಬಿಟ್ಟವರೇ, ನಾವು ದಿನಾ ವಿಡಿಯೋ ಕಾಲ್ ಮಾಡುತ್ತೇವೆ. “ಊಟ ಆಯ್ತಾ, ಮಾತ್ರೆ ತಗೊಂಡ್ರಾ” ಎನ್ನುತ್ತೇವೆ. “ಹೂಂ” ಅನ್ನುತ್ತಾರೆ. ಫೋನ್ ಇಟ್ಟ ಮೇಲೆ ಅಷ್ಟು ದೊಡ್ಡ ಹಟ್ಟಿಯಲ್ಲಿ ಇಬ್ಬರೇ, ಕೆಲವು ಮನೆಗಳಲ್ಲಿ ಒಬ್ಬರೇ. ಮುದುಕರ ಬೇಜಾರು ಬರೀ ವಯಸ್ಸಿನದು ಎಂದು ತಳ್ಳಿಬಿಡಬೇಡಿ. ಊಟದ ಪ್ರಶ್ನೆ ಆದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ದಿನಾ ನಲವತ್ತು ಗುಡ್ ಮಾರ್ನಿಂಗ್ ಬರುತ್ತದೆ. ಅವು ಬರಲಿ. ಆದರೆ ತಿಂಗಳಿಗೊಬ್ಬರಿಗೆ ಫೋನ್ ಮಾಡಿ ಮಾತಾಡೋಣ ಎಂದು ನಿನ್ನೆ ರಾತ್ರಿ ನಾವು ತೀರ್ಮಾನಿಸಿದ್ದೇವೆ. ಪಟ್ಟಿಯಲ್ಲಿ ಒಂದು ಹೆಸರು ಕಡಿಮೆ ಇದೆ. ಇನ್ನೊಂದು ಕಡಿಮೆಯಾಗಬಾರದು.

ಅಪ್ಪ ಎರಡು ಸಲ ಗಡಿಯಾರ ನೋಡಿದರು, ನಾನು ಗಮನಿಸಿದೆ. ಮುಗಿಸುತ್ತೇನೆ. ಈಗ ಊಟಕ್ಕೆ ಪಂಕ್ತಿಯಲ್ಲಿ ಕೂರುತ್ತೀರಿ. ಪಕ್ಕದಲ್ಲಿ ಕೂತವರು ಇಪ್ಪತ್ತು ವರ್ಷದ ಮೇಲೆ ಸಿಕ್ಕ ಗೆಳೆಯರಿರಬಹುದು. “ಹೇಗಿದ್ದೀಯ?” ಎಂದು ಕೇಳುತ್ತೀರಿ, “ಚೆನ್ನಾಗಿದ್ದೀನಿ” ಅನ್ನುತ್ತಾರೆ. ಎಲೆಗೆ ಉಪ್ಪು ಬಂದು ಪಾಯಸ ಬರುವವರೆಗೆ ಸಮಯವಿರುತ್ತದೆ. ಇನ್ನೊಂದು ಸಲ ಕೇಳಿ.